ಗೆದ್ದಲು ಉಳಿಸಿದ ಬೇಸ್‌ಬಾಲ್

ನಮ್ಮ ಸೋದರಮಾವನಷ್ಟು ಅಮೆರಿಕವನ್ನು ಬಲ್ಲವರು ಶಿಕಾರಿಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ. ಒಂದೇ ತೊಡಕೆಂದರೆ, ಅವರು ಬಲ್ಲ ಅಮೆರಿಕದಲ್ಲಿ ಇನ್ನೂ ಕುದುರೆಗಾಡಿಗಳು ಓಡಾಡುತ್ತವೆ!

ಇದಕ್ಕೆ ಹೊಣೆ ಗೆದ್ದಲು. ಮಾವ ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದವರು. ತರಬೇತಿಯ ಕಾಲದಲ್ಲಿ ಯಾರೋ ಕೊಟ್ಟ ಬೇಸ್‌ಬಾಲ್ ಚರಿತ್ರೆಯ ಪುಸ್ತಕವನ್ನು ಅಟ್ಟದ ಮೇಲಿಟ್ಟು ಮರೆತರು. ನೆನಪಾಗಿ ಇಳಿಸಿದಾಗ ಮೊದಲ ಅರವತ್ತು ಪುಟ ಮಾತ್ರ ಉಳಿದಿದ್ದವು. ಅಂದರೆ, ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡಲು ಶುರುಮಾಡಿದ ಕಾಲದವರೆಗೆ. ಮುಂದಿನದೆಲ್ಲ ಮಣ್ಣು. ಮಾವ ಆ ಅರವತ್ತು ಪುಟಗಳನ್ನು ಬಾಯಿಪಾಠ ಮಾಡಿದರು. ಆಮೇಲೆ ಅಮೆರಿಕದವರು ನಿಯಮ ಬದಲಿಸಿಕೊಂಡಿದ್ದರೆ ಅದು ಅವರ ಹಣೆಬರಹ!

"ಗೆದ್ದಲಿಗೆ ಇನ್ನೊಂದು ವಾರ ಸಿಕ್ಕಿದ್ರೆ ನಾನು ಬಚಾವಾಗ್ತಿದ್ದೆ" ಎನ್ನುತ್ತಾರೆ ಅತ್ತೆ.

ಅತ್ತೆಯ ಕಷ್ಟ ಸುಳ್ಳಲ್ಲ. ಆ ಕಾಲದಲ್ಲಿ ಬ್ಯಾಟು ಹಿಡಿದವನು ಚೆಂಡು ಎತ್ತರಕ್ಕೆ ಬೇಕೋ ತಗ್ಗಿಗೆ ಬೇಕೋ ಎಂದು ಹೇಳಿ ಹಾಕಿಸಿಕೊಳ್ಳಬಹುದಿತ್ತಂತೆ. ಮಾವ ಊಟಕ್ಕೆ ಕೂತರೆ ಅನ್ನದ ಮೇಲೆ ಬೆರಳಿಟ್ಟು, "ಇಲ್ಲಿ, ಸ್ವಲ್ಪ ತಗ್ಗಿಗೆ" ಎನ್ನುತ್ತಾರೆ.

"ಬೆರಳು ತೆಗೀರಿ. ಸಾರು ಕುದೀತೈತಿ" ಎನ್ನುತ್ತಾರೆ ಅತ್ತೆ, ಸೌಟು ಎತ್ತಿ ಹಿಡಿದು.

ಒಮ್ಮೆ ಹೆಡ್‌ಮೇಷ್ಟ್ರು, "ನಿಮಗೇನ್ ಕೆಲಸ ಐತ್ರಿ? ಈ ಪಟ್ಟಿನೂ ನೀವೇ ಬರೀರಿ" ಎಂದು ಬಿಸಿಯೂಟದ ಲೆಕ್ಕ ಒಪ್ಪಿಸಿದರಂತೆ. ಮಾವ ಪಟ್ಟಿ ಬರೆದರು, ಜೊತೆಗೆ ಚರಿತ್ರೆಯನ್ನೂ ಹೇಳಿದರು. "ಸಾರ್, ಅಮೆರಿಕದಾಗೆ ಮೊದಲು ಆಡೋಕೆ ದುಡ್ಡು ತಗೊಳ್ಳೋದು ಅವಮಾನ. ಅದಕ್ಕೆ ಅಂಗಡಿ ಗುಮಾಸ್ತ ಅಂತ ಹೆಸರಿಗೆ ಇಟ್ಕೊಂಡು ಆಟ ಆಡಿಸೋರು. ನಮ್ಮಲ್ಲಿ ಉಲ್ಟಾ. ಆಟದ ಮೇಷ್ಟ್ರು ಅಂತ ಇಟ್ಕೊಂಡು ಗುಮಾಸ್ತಿಕೆ ಮಾಡಿಸ್ತೀರಿ!"

ಬೇಸ್‌ಬಾಲಿನ ತಂಗಿಯಂಥ ಆಟ ಸಾಫ್ಟ್‌ಬಾಲ್. ಶಿಕಾರಿಪುರ ಮತ್ತು ಸೊರಬದ ಹುಡುಗಿಯರಿಗೆ ಅದನ್ನು ಕಲಿಸಿದವರು ಮಾವನೇ. ಎರಡೂ ಊರಿನ ತಂಡಗಳು ವರ್ಷಕ್ಕೊಮ್ಮೆ ಆಡುತ್ತವೆ. ನಿವೃತ್ತರಾದ ಮೇಲೂ ಅಂಪೈರ್ ಅವರೇ. ಆದರೆ ಕಳೆದ ಸಲ ಅವರ ಎರಡು ತೀರ್ಪುಗಳಿಗೆ ಜಗಳವಾಗಿತ್ತು. ಈ ಸಲ ಸಂಘಟಕರು ಮನೆಗೇ ಬಂದು, "ಇನ್ನೊಂದು ತಕರಾರಾದ್ರೆ ಮುಂದಿನ ವರ್ಷ ಬೇರೆಯವರನ್ನ ನೋಡ್ಬೇಕಾಗ್ತದೆ ಸಾರ್" ಎಂದು ಹೇಳಿ ಹೋದರು. ಮಾವ ಆ ದಿನ ಸಾರು ಎಲ್ಲಿ ಬಿದ್ದರೂ ಸುಮ್ಮನೆ ಉಂಡರು.

ಸೊರಬಕ್ಕೆ ಹೊರಡುವ ಮುಂಜಾನೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. "ಮಾವನ ಪಕ್ಕದಾಗೇ ನಿಂತ್ಕೊಳೋ. ಬಲಗಣ್ಣು ಪೂರ್ತಿ ಹೋಗೈತಿ, ಎಡದ್ದೂ ಮಂಜು. ಯಾರಿಗೂ ಹೇಳ್ಬೇಡ. ಆ ಸೀಟಿ ಒಂದು ಬಿಟ್ರೆ ಅವರಿಗೆ ಏನೈತಿ ಹೇಳು?"

ನಾನು ಗೆರೆಯ ಪಕ್ಕದಲ್ಲಿ, ಮಾವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತೆ. ಆಟ ಕೊನೆಗೆ ಬಂದಿತ್ತು. ಸೊರಬ ಒಂದು ರನ್ ಮುಂದೆ. ಶಿಕಾರಿಪುರದ ಹುಡುಗಿಯೊಬ್ಬಳು ಮೂರು ಬೇಸ್ ಸುತ್ತಿ, ಓಟ ಶುರುವಾದ ಹೋಮ್‌ಪ್ಲೇಟಿನತ್ತ ಓಡಿ ಬರುತ್ತಿದ್ದಳು. ಪ್ಲೇಟು ಮುಟ್ಟಿದರೆ ಸಮ; ಅದಕ್ಕೆ ಮೊದಲೇ ಅವಳಿಗೆ ಚೆಂಡು ತಾಗಿದರೆ ಔಟ್, ಕಪ್ಪು ಸೊರಬಕ್ಕೆ. ಹುಡುಗಿ ಜಾರಿದಳು. ಚೆಂಡು ಬಂತು. ಧೂಳೆದ್ದಿತು.

ನಾನು ನೋಡಿದೆ. ಸೊರಬದವಳ ಚೆಂಡು ಹಿಡಿದ ಕೈ ಅವಳ ಹಿಮ್ಮಡಿಗೆ ತಾಗಿದಾಗ ಪಾದಕ್ಕೂ ಪ್ಲೇಟಿಗೂ ನಡುವೆ ಒಂದು ಗೇಣು ಜಾಗವಿತ್ತು. ಗೇಣಿಗಿಂತ ಕಡಿಮೆಯಲ್ಲ.

ಮೈದಾನ ಮಾವನ ಬಾಯನ್ನೇ ನೋಡುತ್ತಿತ್ತು. ಮಾವ ಏನಾದರೊಂದು ಹೇಳಿಬಿಡಬಹುದಿತ್ತು. ಅವರು ಟೋಪಿ ತೆಗೆದರು.

"ನನಗೆ ಕಾಣ್ಲಿಲ್ಲ. ಹಳೇ ಕಾಲದಾಗೆ ಅಂಪೈರಿಗೆ ಕಾಣ್ದಿದ್ರೆ ಕಂಡವರನ್ನ ಕೇಳ್ತಿದ್ರು. ಯಾರು ಕಂಡ್ರಿ, ಹೇಳಿ."

"ಔಟ್!" ಎಂದಿತು ಅರ್ಧ ಮೈದಾನ. "ನಾಟೌಟ್!" ಎಂದಿತು ಇನ್ನರ್ಧ. ಯಾರೋ, "ಅಜ್ಜಾ, ಕಣ್ಣು ಮನೇಲಿ ಬಿಟ್ಟು ಬಂದ್ರಾ?" ಎಂದರು. ಜನ ನಕ್ಕರು.

ಮಾವ ನನ್ನ ಕಡೆ ತಿರುಗಿದರು. "ನೀನು ಇಲ್ಲೇ ಇದ್ದೆಯಲ್ಲ. ಹೇಳು."

ನಾನು ಶಿಕಾರಿಪುರದವನು. ತಲೆ ತಗ್ಗಿಸಿ ಕಾಲಿನಿಂದ ಗೆರೆಯ ಸುಣ್ಣ ಕೆದರಿದೆ. ಕೊನೆಗೆ ಧೂಳಿನಲ್ಲಿ ಕೂತಿದ್ದ ಹುಡುಗಿಯೇ ಹೇಳಿದಳು.

"ಔಟ್, ಸಾರ್. ಮೊದ್ಲು ಚೆಂಡೇ ತಾಗಿದ್ದು."

ಮಾವ ಕೈ ಎತ್ತಿ ಔಟ್ ಕೊಟ್ಟರು. ಸೊರಬದವರು ಕುಣಿದರು. ಸಂಘಟಕರು ಮಾತು ಹುಡುಕುತ್ತಾ ಹತ್ತಿರ ಬರುವಷ್ಟರಲ್ಲಿ ಮಾವ ಸೀಟಿಯ ದಾರವನ್ನು ಕೊರಳಿನಿಂದ ತೆಗೆದು ಅವರ ಕೈಗಿಟ್ಟಿದ್ದರು. ಆಮೇಲೆ, ನನ್ನ ನೆನಪಿನಲ್ಲಿ ಮೊದಲ ಸಲ, ನನ್ನ ತೋಳು ಹಿಡಿದು ನಡೆದರು.

ಗೇಟಿನ ಹತ್ತಿರ ಆ ಹುಡುಗಿ ಓಡಿ ಬಂದಳು. ಮೊಣಕಾಲು ತರಚಿತ್ತು.

"ಸಾರ್, ಮುಂದಿನ ವರ್ಷ ಬರ್ತೀರಲ್ಲ?"

"ಕಣ್ಣು ಕಾಣಲ್ಲ ಕಣವ್ವಾ."

"ಅದಕ್ಕೇನ್ ಸಾರ್? ನಾವು ಹೇಳ್ತೀವಿ."

ಮಾವ ಕೈಮುಗಿದರು. ಅವಳಿದ್ದ ಕಡೆಗಲ್ಲ, ಸ್ವಲ್ಪ ಎಡಕ್ಕೆ, ಖಾಲಿ ಗೇಟಿಗೆ. ಹುಡುಗಿ ಸದ್ದಾಗದಂತೆ ಒಂದು ಹೆಜ್ಜೆ ಸರಿದು ಆ ಕೈಗಳ ಎದುರಿಗೆ ಬಂದು ನಿಂತಳು.