ಮಹಾರಾಣಿಯ ಮುನಿಸು

ಅವತ್ತು ಬೆಳಗ್ಗೆ ಮಾವನವರು ಒಂದೇ ಒಂದು ಉಪದೇಶವನ್ನೂ ಮಾಡದೆ, ಮುಖ ಸಪ್ಪಗೆ ಮಾಡಿಕೊಂಡು ಮನೆಯಿಂದ ಹೊರಟುಹೋದರು. ಅಳಿಯನಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವ ಆ ಪುಣ್ಯಾತ್ಮನಿಗೆ ತನ್ನ ಕಣ್ಣೆದುರಿನದು ಕಾಣುವುದು ಸ್ವಲ್ಪ ಕಡಿಮೆಯೇ.

ಮಾವನವರು ಸಾಮಾನ್ಯರಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಇದೇ ಅಳಿಯನನ್ನು ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲ್ ಮಾಡಿ, ಕೊನೆಗೆ ಮಗಳನ್ನು ಕೊಟ್ಟರೇ ಹೊರತು ಲೈಸೆನ್ಸ್ ಕೊಡಲಿಲ್ಲ. ಅವನು ಈಗಲೂ ಬಸ್ಸಿನಲ್ಲೇ ಓಡಾಡುತ್ತಾನೆ.

"ಎರಡು ದಿನ ಇದ್ದು ಹೋಗ್ತೀನಿ" ಎಂದು ಬಂದವರು ಜೊತೆಗೆ ಒಂದು ಸಮುದ್ರವನ್ನೂ ತಂದಿದ್ದರು. ನಡುಮನೆಯ ಸೋಫಾ ಬಾಲ್ಕನಿಗೆ ಹೋಯಿತು. ಅದರ ಜಾಗದಲ್ಲಿ ಆಳುದ್ದದ ಗಾಜಿನ ತೊಟ್ಟಿ, ತೊಟ್ಟಿಯ ತುಂಬ ಉಪ್ಪುನೀರು, ನೀರಿನಲ್ಲಿ ಹವಳಗಳು. ಹವಳವೆಂದರೆ ಸರಕ್ಕೆ ಪೋಣಿಸುವ ಕಲ್ಲು ಎಂದುಕೊಂಡಿದ್ದ ಅಳಿಯನಿಗೆ, ಅದು ಉಣ್ಣುವ, ಬೆಳೆಯುವ, ಮುನಿಸಿಕೊಳ್ಳುವ ಜೀವ ಎಂದು ತಿಳಿದದ್ದೇ ಮೊದಲ ಆಘಾತ. ಅದಕ್ಕೆ ಸೆಕೆಯಾಗಬಾರದೆಂದು ಮಲಗುವ ಕೋಣೆಯ ಎ.ಸಿ. ನಡುಮನೆಗೆ ವರ್ಗವಾದದ್ದು ಎರಡನೆಯದು. ಸೊಳ್ಳೆಗೆ ಸ್ಪ್ರೇ ಹೊಡೆಯುವಂತಿಲ್ಲ, ಸೆಂಟು ಹಾಕಿಕೊಳ್ಳುವಂತಿಲ್ಲ, ಅಡುಗೆಮನೆಯಲ್ಲಿ ಏನನ್ನೂ ಕರಿಯುವಂತಿಲ್ಲ. ಎಣ್ಣೆಯ ಹೊಗೆ ನೀರಿನ ಮೇಲೆ ಪದರ ಕಟ್ಟುತ್ತದಂತೆ. ಗಂಡ ಹೆಂಡತಿ ಬೆವರುತ್ತ, ಸೊಳ್ಳೆ ಕಡಿಸಿಕೊಳ್ಳುತ್ತ, ಬೇಯಿಸಿದ್ದನ್ನೇ ತಿನ್ನುತ್ತ ಒಂದು ವರ್ಷ ಕಳೆದಿದ್ದರು.

ತೊಟ್ಟಿಯ ಯಜಮಾನಿ ಅಣಬೆಯಾಕಾರದ ಒಂದು ದೊಡ್ಡ ಹವಳ. ಮಾವ ಅದನ್ನು ಮಹಾರಾಣಿ ಎನ್ನುತ್ತಿದ್ದರು. ದೀಪ ಹತ್ತಿದರೆ ಅದರ ತಲೆಯ ಮೇಲೆ ನೂರಾರು ಪುಟ್ಟ ಬೆರಳುಗಳು ಎದ್ದು ನೀರಿನಲ್ಲಿ ತೂಗಾಡುತ್ತಿದ್ದವು. ಅಳಿಯ ಮಾತ್ರ ಅದರ ಕಡೆ ಕಣ್ಣೆತ್ತಿ ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಅವನು ಅಂಗಡಿಗೆ ಹೊರಡುವಷ್ಟರಲ್ಲಿ ಆಫೀಸಿನಿಂದ ಹೆಂಡತಿಯ ಫೋನ್ ಬಂತು.

"ರೀ, ನಂಬ್ತೀರೋ ಇಲ್ವೋ, ಅಪ್ಪ ಪಕ್ಕದ ಬೀದೀಲಿ ಮನೆ ನೋಡೋಕೆ ಹೋಗಿದಾರೆ! ಒಪ್ಪಿಗೆಯಾದ್ರೆ ನಾಳೇನೇ ಶಿಫ್ಟ್ ಅಂತೆ!"

ಅಳಿಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಇನ್ನೊಂದ್ಸಲ ಹೇಳು."

"ಹೇಳೋಕೆ ಟೈಮಿಲ್ಲ. ಇವತ್ತು ಅಂಗಡಿ ಮುಚ್ಚಿ. ಆ ಮಹಾರಾಣೀನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ. ಅಪ್ಪನ ರೂಲ್ಸು ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಸೊರಗಿದ ಹವಳದ ಜಾಗ ಬದಲಿಸಬಾರದು ಎನ್ನುವುದು ಮಾವನವರ ಮೊದಲ ನಿಯಮ. ಮಹಾರಾಣಿ ಗೆಲುವಾಗಿದ್ದರೆ ನಾಳೆಯೇ ಬಿಡುಗಡೆ. ಸೊರಗಿದರೆ ಇನ್ನೆಷ್ಟು ವರ್ಷವೋ ಬಲ್ಲವರಿಲ್ಲ.

ಅವನು ಸಿಳ್ಳೆ ಹೊಡೆಯುತ್ತ ತೊಟ್ಟಿಯ ಮುಂದೆ ಬಂದು ನಿಂತ. ತೊಟ್ಟಿಯ ಟೈಮರ್ ದೀಪ ತಾನಾಗಿಯೇ ಹತ್ತಿಕೊಂಡಿತು. ಸಿಳ್ಳೆ ತಾನಾಗಿಯೇ ನಿಂತಿತು. ಮಹಾರಾಣಿ ಮುದುಡಿಕೊಂಡು ಕೂತಿತ್ತು. ಒಂದು ಬೆರಳೂ ಹೊರಗಿಲ್ಲ. ಮೈಮೇಲೆಲ್ಲ ಮೇಣ ಸುರಿದ ಹಾಗೆ ಮಸುಕು ಪೊರೆ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ಈಗ ಅದೇ ದೃಶ್ಯ ಇನ್ನೂ ಸ್ಪಷ್ಟವಾಗಿ ಕಂಡಿತು. ಗಂಟಲಿನಿಂದ ಒಂದು ಕೂಗು ಹೊರಟಿತು.

ಕೂಗು ಕೇಳಿ ಮಹಡಿ ಮನೆಯ ಆಂಟಿ ಸೌಟು ಹಿಡಿದೇ ಇಳಿದು ಬಂದರು. ಯಾರ ಮನೆಯಲ್ಲಿ ಏನಾದರೂ ಮೊದಲು ಹಾಜರಾಗುವವರು ಅವರೇ.

"ಏನಪ್ಪಾ, ಯಾರು ಹೋದ್ರು?"

"ಯಾರೂ ಹೋಗ್ತಿಲ್ಲ ಆಂಟಿ, ಅದೇ ಸಮಸ್ಯೆ!"

ಆಂಟಿ ತೊಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ನೋಡು, ನೀರು ಬೆರಳಷ್ಟು ಇಳಿದಿದೆ. ಉಪ್ಪುನೀರಲ್ಲಿ ಬಾಳೋ ಜೀವಕ್ಕೆ ಉಪ್ಪು ಕಮ್ಮಿಯಾದ್ರೆ ಇನ್ನೇನಾಗುತ್ತೆ?" ಎಂದವರೇ ಅಡುಗೆಮನೆಗೆ ನುಗ್ಗಿ ಉಪ್ಪಿನ ಡಬ್ಬಿಯನ್ನೇ ತಂದು ತೊಟ್ಟಿಯ ಮೇಲೆ ಎತ್ತಿ ಹಿಡಿದರು.

"ಬೇಡ ಆಂಟಿ! ಆವಿಯಾಗೋದು ನೀರು ಮಾತ್ರ, ಉಪ್ಪು ಒಳಗೇ ಇರುತ್ತೆ! ಸಿಹಿನೀರು ಹಾಕ್ಬೇಕು!" ವರ್ಷವಿಡೀ ಕಿವಿಗೆ ಬಿದ್ದ ಮಾವನವರ ಪಾಠ ಅವನ ಬಾಯಿಂದಲೇ ಬಂದಾಗ ಅವನಿಗೇ ಗಾಬರಿಯಾಯಿತು. ಹಾರಿ ಡಬ್ಬಿಗೆ ಕೈ ಹಾಕಿದ. ತೊಟ್ಟಿ ಉಳಿಯಿತು. ಉಪ್ಪೆಲ್ಲ ಅವನ ತಲೆಯ ಮೇಲೆ ಬಿತ್ತು.

ಈ ಗಲಾಟೆಗೆ ಎದುರುಮನೆಯ ಪ್ಲಂಬರ್ ಬಂದ. ಪ್ರಪಂಚದ ಎಲ್ಲ ಕಷ್ಟಕ್ಕೂ ಪೈಪೇ ಕಾರಣ ಎಂದು ನಂಬಿದವನು.

"ಸಾರ್, ಇದು ಕಾಯಿಲೆ ಅಲ್ಲ. ಪ್ರೆಶರ್ ಇಲ್ಲ ಅಷ್ಟೇ. ನೀರು ಓಡಾಡ್ತಾನೇ ಇಲ್ವಲ್ಲ!"

"ಮುಟ್ಬೇಡ ಮಾರಾಯ, ಮಾವ ನನ್ನ ಸಿಗಿದುಹಾಕ್ತಾರೆ."

"ನೀವು ಟೆನ್ಷನ್ ತಗೋಬೇಡಿ" ಎನ್ನುವಷ್ಟರಲ್ಲಿ ಅವನ ಕೈ ಮೊಣಕೈವರೆಗೆ ನೀರಿನೊಳಗಿತ್ತು. ತೊಟ್ಟಿಯೊಳಗೆ ನೀರು ಸುತ್ತಾಡಿಸುವ ಪಂಪಿನ ಮೂತಿಯನ್ನು ತಿರುಗಿಸಿದ. ನೀರು ತೊಟ್ಟಿಯಿಂದ ಚಿಮ್ಮಿ ಅಳಿಯನ ಮುಖಕ್ಕೆ ಬಡಿಯಿತು, ಆಂಟಿಯ ಸೀರೆ ಒದ್ದೆಯಾಯಿತು, ನೆಲದ ತುಂಬ ಹರಿಯಿತು. "ಅಯ್ಯೋ, ಸ್ವಲ್ಪ ಜಾಸ್ತಿಯಾಯ್ತು" ಎನ್ನುತ್ತ ಪ್ಲಂಬರ್ ಮೂತಿಯನ್ನು ಇನ್ನೊಂದು ಕಡೆಗೆ ತಿರುಗಿಸಿದ. ಈ ಸಲ ಅದು ನೇರ ಮಹಾರಾಣಿಯತ್ತ ತಿರುಗಿತು.

ಮೂವರೂ ನೋಡನೋಡುತ್ತಿದ್ದಂತೆ ಮಹಾರಾಣಿಯ ಚರ್ಮ ಸುಲಿದು, ಹಾಳೆಹಾಳೆಯಾಗಿ ನೀರಿನಲ್ಲಿ ತೇಲಿಹೋಯಿತು.

ಆಂಟಿ ಬಾಯಿಗೆ ಸೆರಗು ಒತ್ತಿಕೊಂಡರು. ಪ್ಲಂಬರ್ ಮೆಲ್ಲನೆ ಕೈ ಹೊರತೆಗೆದು ಪ್ಯಾಂಟಿಗೆ ಒರೆಸಿಕೊಂಡ. ನಾಳೆ, ನಾಡಿದ್ದು, ಮುಂದಿನ ವರ್ಷ, ಅದರಾಚೆಯ ವರ್ಷಗಳ ಸೊಳ್ಳೆಗಳೆಲ್ಲ ಒಟ್ಟಿಗೇ ಅಳಿಯನ ಕಿವಿಯಲ್ಲಿ ಗುಂಯ್‌ಗುಟ್ಟಿದಂತಾಯಿತು.

ಮೂವರೂ ಸೇರಿ ನೆಲ ಒರೆಸಿದರು. ಚೆಲ್ಲಿಹೋದ ಉಪ್ಪುನೀರಿಗೆ ಬದಲಾಗಿ, ಬಚ್ಚಲಲ್ಲಿ ಮಾವನವರು ಕಲಸಿಟ್ಟಿದ್ದ ಉಪ್ಪುನೀರನ್ನು ತಂದು ತೊಟ್ಟಿ ತುಂಬಿಸಿದರು. ಆಮೇಲೆ ಸೂತಕದ ಮನೆಯವರ ಹಾಗೆ ಗೋಡೆಗೆ ಒರಗಿ ಕುಳಿತರು. ಅಳಿಯ ಊಟವನ್ನೂ ಮಾಡಲಿಲ್ಲ. ಸಂಜೆಯಾಗುತ್ತ ಬಂದಾಗ ಆಂಟಿ ಇದ್ದಕ್ಕಿದ್ದಂತೆ ಅವನ ತೋಳು ಹಿಡಿದು ಅಲುಗಿಸಿದರು.

"ಏ, ಅಲ್ನೋಡೋ!"

ಒಂದು ಬೆರಳು ಎದ್ದಿತ್ತು. ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದಂತೆ ಮಹಾರಾಣಿಯ ತಲೆ ತುಂಬ ಬೆರಳುಗಳೆದ್ದವು. ಹಿಂದೆಂದಿಗಿಂತ ಉದ್ದ, ಹಿಂದೆಂದಿಗಿಂತ ಬಣ್ಣ. ಅಳಿಯ ಪ್ಲಂಬರನನ್ನು ಅಪ್ಪಿಕೊಂಡು ಕುಣಿದ. ಗೆದ್ದೆ! ನಾಳೆ ಎ.ಸಿ. ವಾಪಸ್, ಸೋಫಾ ವಾಪಸ್, ಸಂಸಾರ ವಾಪಸ್!

ಬಾಗಿಲು ತೆರೆಯಿತು. ಮಾವನವರು ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಕೈಚೀಲ ಜಾರಿ ಕೆಳಗೆ ಬಿತ್ತು.

"ಇದು... ಅರಳಿದೆಯಾ?"

"ಅರಳಿದೆ ಮಾವ! ಒಂಚೂರೂ ಸೊರಗಿಲ್ಲ. ಧಾರಾಳವಾಗಿ ಶಿಫ್ಟ್ ಮಾಡ್ಬಹುದು!"

ಮಾವನವರ ಕಣ್ಣು ತುಂಬಿತು. "ಮೂರ್ನಾಲ್ಕು ದಿನದಿಂದ ಮುಚ್ಕೊಂಡೇ ಇತ್ತು, ಅಳಿಯಂದ್ರೇ. ನಿಮಗೆ ಹೇಳೋಕೆ ಬಾಯೇ ಬರಲಿಲ್ಲ. ಈ ಮನೆ ಗಾಳಿ ಇದಕ್ಕೆ ಒಗ್ತಿಲ್ಲ, ಇಲ್ಲೇ ಬಿಟ್ರೆ ಸತ್ತೇ ಹೋಗುತ್ತೆ ಅನ್ನಿಸ್ತು. ರೂಲ್ಸು ಮುರಿದ್ರೂ ಚಿಂತೆಯಿಲ್ಲ, ಜಾಗ ಬದಲಿಸೋಣ ಅಂತ ಮನೆ ನೋಡೋಕೆ ಹೋದೆ. ಮಾತೆಲ್ಲ ಮುಗೀತು. ಬೀಗದ ಕೈನೂ ತಂದೆ."

ಜೇಬಿನಿಂದ ಬೀಗದ ಕೈ ತೆಗೆದು ತೋರಿಸಿದರು. ಅಳಿಯನ ಜೀವವೆಲ್ಲ ಕಣ್ಣಿಗೆ ಬಂತು.

"ಹಾಗಾದ್ರೆ ನಾಳೆ ಬೆಳಗ್ಗೆ..."

"ನಾಳೆ ಬೆಳಗ್ಗೆ ವಾಪಸ್ ಕೊಟ್ಟು ಬರ್ತೀನಿ. ಈ ಜಾತಿ ಹಾವಿನ ಹಾಗೆ ಪೊರೆ ಬಿಡುತ್ತೆ ಅಂತ ಓದಿದ್ದೆ. ದುಃಖದಲ್ಲಿ ಹೊಳೀಲೇ ಇಲ್ಲ ನೋಡಿ. ಇಷ್ಟು ಚೆನ್ನಾಗಿ ಅರಳೋ ಜಾಗ ಬಿಟ್ಟು ಇನ್ನೆಲ್ಲಿಗೆ ಹೋಗ್ಲಿ?"

ಅಳಿಯ ಹಣೆ ಚಚ್ಚಿಕೊಂಡ. ಮುದುಡಿದ್ದನ್ನು ಮುದುಡಿದ ಹಾಗೆ ಬಿಟ್ಟು ಅಂಗಡಿಗೆ ಹೋಗಿದ್ದರೆ ಸಾಕಿತ್ತು! "ಮಾವ, ನಾನೇನೂ ಮಾಡಿಲ್ಲ. ಎಲ್ಲಾ ಈ ಪ್ಲಂಬರ್..."

"ಸುಳ್ಳು ಸಾರ್!" ಆಂಟಿ ಅಭಿಮಾನದಿಂದ ಅಡ್ಡ ಬಂದರು. "ಊಟ ಬಿಟ್ಟು, ಉಪ್ಪು ಸುರ್ಕೊಂಡು ಕಾಪಾಡಿದಾನೆ ನಿಮ್ಮ ಅಳಿಯ!"

ಮಾವನವರು ಅವನ ಉಪ್ಪುಗಟ್ಟಿದ ಹೆಗಲ ಮೇಲೆ ಕೈಯಿಟ್ಟರು. ಎಷ್ಟೋ ವರ್ಷಗಳಿಂದ ಅವನು ಆ ಬಾಯಿಂದ ಕೇಳಲು ಹಂಬಲಿಸಿದ್ದ ಮಾತು ಆಗ ಬಂತು.

"ಪಾಸ್."

ಅಷ್ಟರಲ್ಲಿ ಹೆಂಡತಿ, ಸಾಮಾನು ಕಟ್ಟಲೆಂದು ಹೊತ್ತು ತಂದ ಖಾಲಿ ರಟ್ಟಿನ ಪೆಟ್ಟಿಗೆಗಳ ಹಿಂದಿನಿಂದ ನಗುತ್ತ ಒಳಗೆ ಬಂದಳು.

"ಒಳ್ಳೇ ಹೊತ್ತಿಗೆ ತಂದ್ಯಲ್ಲ ಮಗಳೇ!" ಎಂದರು ಮಾವನವರು. "ನಿಮ್ಮ ಮಲಗೋ ಕೋಣೆ ಸಾಮಾನೆಲ್ಲ ಇದಕ್ಕೆ ತುಂಬಿಬಿಡು. ಇನ್ನೊಂದು ತೊಟ್ಟಿ ಅಲ್ಲಿಗೆ ಸರಿಯಾಗುತ್ತೆ."