ಹದಿನೇಳನೇ ಗಿಡಕ್ಕೆ ನಾನು ಕೊಟ್ಟ ಹೊಗೆ

ಹಣ್ಣಿನ ವಾಸನೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಮೈಸೂರಿನ ಬಾಳೆಮಂಡಿ ಸೇರಿದವನು ನಾನು. ಹಸಿರು ಗೊನೆಗಳನ್ನು ಕತ್ತಲೆ ಕೋಣೆಯಲ್ಲಿ ಪೇರಿಸಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಒಳಗೆ ಹೊಗೆ ಕೊಟ್ಟು ಹಣ್ಣು ಮಾಡುವುದು ನನ್ನ ಕೆಲಸ. ಬಾಗಿಲಿಗೆ ಮೂಗಿಟ್ಟು 'ಇನ್ನೊಂದು ದಿನ' ಎನ್ನುತ್ತಿದ್ದೆ. ಸರಿಯಾಗಿ ಇನ್ನೊಂದೇ ದಿನ ಹಿಡಿಯುತ್ತಿತ್ತು!

ಇಂಥ ಮೂಗನ್ನು ಹೊತ್ತುಕೊಂಡು, ನರ್ಸ್ ಆಗಿರುವ ಹೆಂಡತಿ ಗಿರಿಜೆಯ ಹಿಂದೆ ಸಿಯಾಟಲ್ ಸೀಮೆಗೆ ಬಂದೆ. ಪಕ್ಕದ ರೆಂಟನ್ ಊರಿನ ಗೋದಾಮುಗಳಲ್ಲಿ ಎಂಟು ವರ್ಷ ಪೆಟ್ಟಿಗೆ ಹೊತ್ತೆ. ಆಮೇಲೆ ಊರಾಚೆ ಬೆಟ್ಟಿಯಮ್ಮ ಎಂಬ ಹಿರಿಯ ಹೆಂಗಸಿನ ಗ್ರೀನ್‌ಹೌಸಿನಲ್ಲಿ ಕೆಲಸ ಸಿಕ್ಕಿತು. ಬೆಳೆ ಯಾವುದು? ಗಾಂಜಾ!

ಗಾಬರಿಯಾಗಬೇಡಿ. ಇಲ್ಲಿನ ನಮ್ಮ ರಾಜ್ಯದಲ್ಲಿ ಆಗ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಬೆಟ್ಟಿಯಮ್ಮನ ಲೈಸೆನ್ಸು ನಮ್ಮ ಮನೆದೇವರ ಪಟಕ್ಕಿಂತ ದೊಡ್ಡ ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು. ಆದರೆ ಕೇಂದ್ರ ಸರ್ಕಾರ ಇನ್ನೂ ಒಪ್ಪಿರಲಿಲ್ಲ. ಅದಕ್ಕೇ ಗಿರಿಜೆ, "ಸಿಟಿಜನ್‌ಶಿಪ್ ಕಾಗದ ಕೈಗೆ ಬರೋವರ್ಗೂ ಆ ಕಡೆ ತಲೆ ಹಾಕಿಯೂ ಮಲಗ್ಬೇಡಿ" ಎಂದು ಒಂದು ವರ್ಷ ತಡೆದಿದ್ದಳು. ಕಾಗದ ಬಂದ ಮೇಲೆ ಅವಳ ಚಿಂತೆ ಬೇರೆಯಾಯಿತು.

"ನಮ್ಮಪ್ಪಂಗೆ ಏನಂತ ಹೇಳ್ಲಿ?"

"ತೋಟಗಾರಿಕೆ ಅನ್ನು."

"ಯಾವ ತೋಟ ಅಂದ್ರೆ?"

"ಹೂವಿಂದು ಅನ್ನು. ಸುಳ್ಳೇನಲ್ವಲ್ಲ!"

ಬೆಟ್ಟಿಯಮ್ಮನ ಕೆಲಸ ನೋಡಿದ ಮೇಲೆ ನಾನು ಅವರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಈ ಸೀಮೆಯ ಮಳೆಗಾಲದ ಗಾಳಿ ಎಂದರೆ ಹಿಂಡದೆ ಒಣಹಾಕಿದ ಪಂಚೆ. ಹಣ್ಣಿನ ಪರಿಮಳದ ಗಿಡಗಳೆಲ್ಲ ಆ ತೇವಕ್ಕೆ ಮೊಗ್ಗಿನೊಳಗೇ ಬೂಷ್ಟು ಹಿಡಿದು ಸಾಯುತ್ತವೆ. ಬದುಕುವ ಗಟ್ಟಿ ಗಿಡಗಳಿಗೋ ಹಳೇ ಚಪ್ಪಲಿಯ ವಾಸನೆ. ಬೆಟ್ಟಿಯಮ್ಮ ಈ ಎರಡಕ್ಕೂ ಮದುವೆ ಮಾಡಿಸಿ, ಹುಟ್ಟಿದ ನೂರಾರು ಮಕ್ಕಳನ್ನು ಐದು ವರ್ಷ ಚಳಿಯಲ್ಲಿ ನಿಲ್ಲಿಸಿ, ಒಂದೊಂದನ್ನೂ ಮೂಸಿ, ಕೊನೆಗೆ ಒಂದನ್ನು ಉಳಿಸಿಕೊಂಡಿದ್ದರು. ಸಾಲಿನಲ್ಲಿ ಹದಿನೇಳನೆಯದು, ಅದಕ್ಕೇ ಅದರ ಹೆಸರು ಹದಿನೇಳು. ಅದರ ಕಡ್ಡಿಗಳನ್ನೇ ನೆಟ್ಟು ಗ್ರೀನ್‌ಹೌಸ್ ತುಂಬಿಸಿದ್ದರು. ಬೆಳಿಗ್ಗೆ ಬೆಳಿಗ್ಗೆ ಒಂದೊಂದು ಗಿಡವನ್ನೂ ಮೆಲ್ಲಗೆ ಅಲುಗಿಸಿ ಇಬ್ಬನಿ ಉದುರಿಸುತ್ತಿದ್ದರು. ಗಾಳಿ ಆಡಲೆಂದು ನಡುವಿನ ಎಲೆಗಳನ್ನು ಎಣಿಸಿದಂತೆ ಕೀಳುತ್ತಿದ್ದರು. ಹೂ ಬಲಿತಾಗ ಗ್ರೀನ್‌ಹೌಸಿನ ಬಾಗಿಲು ತೆರೆದರೆ ರಸಪುರಿ ಮಾವಿನ ಬುಟ್ಟಿಯ ಮೇಲೆ ಯಾರೋ ಕಿತ್ತಳೆ ಸುಲಿದಂತೆ ಘಮಲು! ಬೀಡಿಯನ್ನೂ ಸೇದದ ನಾನು ಬಾಗಿಲಲ್ಲೇ ನಿಂತುಬಿಡುತ್ತಿದ್ದೆ.

ಮೊದಲ ದೊಡ್ಡ ಫಸಲು ಕೊಯ್ದು, ಒಣಗಿಸುವ ಕೋಣೆಯಲ್ಲಿ ಹಗ್ಗಗಳಿಗೆ ತಲೆಕೆಳಗಾಗಿ ತೂಗುಹಾಕಿದೆವು. ತಿಂಗಳೊಳಗೆ ಅಂಗಡಿಯವನೊಬ್ಬ ನೋಡಲು ಬರುವವನಿದ್ದ. ಅವನು ಒಪ್ಪಿದರೆ ಬೆಟ್ಟಿಯಮ್ಮನ ಐದು ವರ್ಷ ಸಾರ್ಥಕ. ಒಪ್ಪದಿದ್ದರೆ ಗ್ರೀನ್‌ಹೌಸ್ ಮುಚ್ಚಬೇಕು. ಅಷ್ಟರಲ್ಲಿ ಅವರ ತಂಗಿಗೆ ಆಪರೇಷನ್ ಬಂತು.

"ಮಹದೇವ, ಎರಡು ದಿನ ನಿನ್ನ ಕೈಲಿ ಬಿಡ್ತೀನಿ" ಎಂದರು ತಮ್ಮ ಇಂಗ್ಲಿಷಿನಲ್ಲಿ. "ಫ್ಯಾನ್ ಓಡ್ತಿರಲಿ. ಗಾಳಿಯ ನೀರು ಹೀರೋ ಮೆಷಿನ್ ಓಡ್ತಿರಲಿ. ಬೇರೆ ಏನೂ ಮಾಡಬೇಡ."

ದುಡಿದು ತಿನ್ನುವ ಮನುಷ್ಯನಿಗೆ ಏನೂ ಮಾಡಬೇಡ ಎನ್ನುವುದೇ? ಇದು ಅಪ್ಪಣೆಯಲ್ಲ, ಅವಮಾನ!

ಮರುದಿನ ಮಧ್ಯಾಹ್ನ ಕೋಣೆಯ ಬಾಗಿಲು ತೆರೆದೆ. ಮಾವು ಇಲ್ಲ. ಕಿತ್ತಳೆ ಇಲ್ಲ. ಕೊಟ್ಟಿಗೆಯಲ್ಲಿ ನೆನೆದ ಹುಲ್ಲಿನ ವಾಸನೆ! ಒಂದೊಂದು ಗೊಂಚಲನ್ನೂ ಮೂಸಿದೆ. ಎಲ್ಲವೂ ಹುಲ್ಲು! ಬೆಟ್ಟಿಯಮ್ಮನ ಐದು ವರ್ಷ ನನ್ನ ಕಣ್ಣೆದುರೇ ಹೋರಿಯ ಮೇವಾಗಿತ್ತು.

ನನ್ನ ಮೂಗು ತೀರ್ಪು ಕೊಟ್ಟಿತು: ಕಾಯಿ ಇನ್ನೂ ಹಣ್ಣಾಗಿಲ್ಲ. ಹೊಗೆ ಕೊಡಬೇಕು.

ಗಿರಿಜೆಗೆ ಫೋನ್ ಮಾಡಿದೆ.

"ನಿನ್ನ ಸಾಂಬ್ರಾಣಿ ಡಬ್ಬ ಎಲ್ಲಿದೆ?"

"ಯಾಕ್ರೀ?"

"ಹೂವೆಲ್ಲ ತೇವ ಆಗಿದೆ. ಮಗು ತಲೆಗೆ ಸ್ನಾನ ಆದ್ಮೇಲೆ ಹೊಗೆ ಹಾಕಲ್ವಾ, ಹಂಗೆ."

"ಆಯಮ್ಮ ಏನು ಮಾಡು ಅಂದಿದ್ರು?"

"ಏನೂ ಮಾಡ್ಬೇಡ ಅಂದಿದ್ರು."

"ಮತ್ತೆ?"

"ಅವ್ರಿಗೆ ಬಾಳೆಮಂಡಿ ಗೊತ್ತಿಲ್ವಲ್ಲ, ಗಿರಿಜಾ!"

ಮನೆಗೆ ಹೋಗಿ ಡಬ್ಬ ತಂದೆ. ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಚಿಪ್ಪಿನ ಕೆಂಡ ಮಾಡಿದೆ. ಹೊಗೆ ಕೋಣೆಯಲ್ಲಿ ಗಾಳಿ ಆಡಬಾರದು ಎಂಬುದು ಮಂಡಿಯ ಮೊದಲ ನಿಯಮ. ಆದ್ದರಿಂದ ಫ್ಯಾನ್ ಆರಿಸಿದೆ. ಮೆಷಿನ್ ಆರಿಸಿದೆ. ಬಾಗಿಲ ಸಂದಿಗೆ ಬೆಟ್ಟಿಯಮ್ಮನ ಮಳೆಕೋಟನ್ನು ತುರುಕಿದೆ. ಮೂರು ಹಿಡಿ ಸಾಂಬ್ರಾಣಿ ಸುರಿದು, ಹೊರಗೆ ಬಂದು, ಕೈಕಟ್ಟಿ ನಿಂತೆ. ಕೆಲಸ ಮಾಡಿದ ತೃಪ್ತಿ ಬೇರೆಯೇ ಬಿಡಿ!

ತೃಪ್ತಿ ನಾಲ್ಕು ನಿಮಿಷವಿತ್ತು. ಆಮೇಲೆ ಅಲಾರಾಂ ಕೂಗಿತು.

ಮೂರು ಫೈರ್ ಇಂಜಿನ್ ಬಂದವು! ಅವುಗಳಿಗಿಂತ ಮೊದಲು ಅಕ್ಕಪಕ್ಕದ ಗೋದಾಮುಗಳ ಜನ ಬಂದಿದ್ದರು. ಗಾಂಜಾ ಕೋಣೆಗೆ ಬೆಂಕಿ ಬಿದ್ದಿದೆ ಎಂದು ಸುದ್ದಿ ಹಬ್ಬಿತ್ತು. ಯಾರೂ ಬಕೆಟ್ ತಂದಿರಲಿಲ್ಲ. ಎಲ್ಲರೂ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಸಾಲಾಗಿ ನಿಂತು, ಕಣ್ಣುಮುಚ್ಚಿ, ದೀರ್ಘವಾಗಿ ಉಸಿರೆಳೆಯುತ್ತಿದ್ದರು. ಎರಡು ನಿಮಿಷ ಎಳೆದು ಒಬ್ಬ ಕಣ್ಣುಬಿಟ್ಟ. "ಇದು ನಮ್ಮ ಚರ್ಚಿನ ವಾಸನೆ!" ಎಂದ. ಜನ ನನ್ನನ್ನು ಮೋಸಗಾರನಂತೆ ನೋಡುತ್ತಾ ಚದುರಿದರು.

ಫೈರ್‌ನವರ ಮುಖ್ಯಸ್ಥ ಮುಖವಾಡ ಸರಿಸಿ ಕೇಳಿದ: "ಒಳಗೆ ಏನು ಉರೀತಿದೆ?"

"ಬೆಂಕಿಯಲ್ಲ ಸಾರ್. ಬರೀ ಹೊಗೆ. ನಾನೇ ಹಾಕಿದ್ದು."

"ಯಾಕೆ?"

"ಹಣ್ಣಾಗಲಿ ಅಂತ."

ಆತ ಅದನ್ನು ರೇಡಿಯೋದಲ್ಲಿ ಹಾಗೆಯೇ ಹೇಳಿದ. ಆಚೆ ಕಡೆಯವರು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಆ ವೀರರು ಇದ್ದಬದ್ದ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟರು. ಹೊರಗಿನ ಜಿಟಿಜಿಟಿ ಮಳೆಯ ತೇವವೆಲ್ಲ ಮೆರವಣಿಗೆ ಹೊರಟು ಒಳಗೆ ಬಂತು. ಬೂಷ್ಟಿಗೆ ಇದಕ್ಕಿಂತ ಗೌರವದ ಆಹ್ವಾನ ಯಾರೂ ಕೊಟ್ಟಿರಲಾರರು!

ಬೆಟ್ಟಿಯಮ್ಮ ಮರುದಿನ ಬಂದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಗೊಂಚಲು ಬಿಡಿಸಿ ನೋಡಿದರು, ಮೂಸಿದರು. ನಾನು ಹಿಂದೆ ಹಿಂದೆ ಹೋದೆ.

"ಹುಲ್ಲಿನ ವಾಸನೆ ಬಂದಿತ್ತು ಮೇಡಂ. ಹಣ್ಣು ಹೋಗಿಬಿಟ್ಟಿತ್ತು."

"ಒಣಗುವಾಗ ಪ್ರತಿಸಲವೂ ಹುಲ್ಲೇ ವಾಸನೆ ಬರುತ್ತೆ, ಮಹದೇವ. ಆಮೇಲೆ ಜಾಡಿಯಲ್ಲಿ ಎರಡು ವಾರ ಇಟ್ಟರೆ ಹಣ್ಣು ವಾಪಸ್ ಬರುತ್ತೆ."

ನೆಲ ಬಾಯಿಬಿಡಲಿಲ್ಲ. ಕಾಂಕ್ರೀಟ್ ಹಾಕಿದ್ದರು.

ಬಾಣಲೆಯ ಹತ್ತಿರದ ಎರಡು ಹಗ್ಗದ ಹೂವೆಲ್ಲ ದೇವಸ್ಥಾನವಾಗಿತ್ತು. "ಇದಕ್ಕೂ ಗಿರಾಕಿ ಸಿಗ್ತಾರೆ ಮೇಡಂ" ಎಂದು ಬಾಯಿಬಿಟ್ಟೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ಹೊಗೆ ಕುಡಿದದ್ದನ್ನು ನನ್ನ ಹೆಸರಲ್ಲಿ ಮಾರಲ್ಲ" ಎಂದು ಅಷ್ಟನ್ನೂ ತಾವೇ ಗೊಬ್ಬರದ ಗುಂಡಿಗೆ ಹಾಕಿದರು. ಉಳಿದ ಒಂಬತ್ತು ಹಗ್ಗದಲ್ಲಿ ಹೊಗೆಯೂ ಹಿಡಿದಿರಲಿಲ್ಲ, ಹುಡುಕಿದರೂ ಒಂದು ಚುಕ್ಕೆ ಬೂಷ್ಟಿಲ್ಲ! ಆ ಹೆಂಗಸು ಎಂಥ ಗಿಡ ಹುಟ್ಟಿಸಿದ್ದರು ನೋಡಿ!

ಮನೆಯಲ್ಲಿ ಗಿರಿಜೆ ಕೇಳಿದ್ದು ಒಂದೇ: "ಕೆಲ್ಸ ಇದ್ಯಾ?"

"ಇದೆ."

"ದೇವ್ರಂಥಾ ಹೆಂಗಸು" ಎಂದಳು. "ನಾನಾಗಿದ್ರೆ ನಿಮ್ಮನ್ನೂ ಆ ಗುಂಡಿಗೇ ಹಾಕ್ತಿದ್ದೆ."

ಅಂಗಡಿಯವನು ಬಂದ. ಬೆಟ್ಟಿಯಮ್ಮ ಜಾಡಿಯ ಮುಚ್ಚಳ ತೆಗೆದರು. ಕೋಣೆ ತುಂಬ ರಸಪುರಿ! ನಾನು ಪೊರಕೆ ಹಿಡಿದು ನಿಂತಿದ್ದವನು ಕಣ್ಣೊರೆಸಿಕೊಂಡೆ. ಅವನಿಗೂ ಹಿಡಿಸಿತು. ಆದರೆ ಅನುಮಾನ. "ವಾಸನೆಯ ಗಿಡಗಳು ನಾಜೂಕು. ನಮ್ಮ ಈ ಹವೆಯಲ್ಲಿ ವರ್ಷವೂ ಇದೇ ಸಿಗುತ್ತೆ ಅಂತ ಹೇಗೆ ನಂಬಲಿ?"

ಬೆಟ್ಟಿಯಮ್ಮ ಬೆರಳು ಮಡಿಸುತ್ತಾ ಹೇಳಿದರು: "ಚಳಿ ತಡೆದಿದೆ. ಮಳೆ ತಡೆದಿದೆ. ಬೂಷ್ಟು ತಡೆದಿದೆ." ನಾಲ್ಕನೇ ಬೆರಳು ನನ್ನ ಕಡೆ ತಿರುಗಿತು. "ಈ ಮಹದೇವನನ್ನೂ ತಡೆದುಕೊಂಡಿದೆ."

ಅವನು ನಡೆದ ಕಥೆ ಕೇಳಿದ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಇನ್ನೊಂದು ಪ್ರಶ್ನೆ ಕೇಳದೆ ಒಂಬತ್ತೂ ಹಗ್ಗದ ಮಾಲು ಕೊಂಡುಕೊಂಡ.