ಒಳಗೆ ಬಟ್ಟೆ ಬಿಡದ ಕೋಟು

ಎರಡು ಬಗೆಯ ಗಿರಾಕಿಗಳನ್ನು ಕಂಡರೆ ಟೈಲರ್ ಮಾಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಅಳತೆ ಕೊಡುವಾಗ ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವವರು ಮೊದಲನೆಯವರು. ‘ಹೇಗೂ ತೂಕ ಇಳಿಸ್ತಾ ಇದೀನಿ, ಸ್ವಲ್ಪ ಬಿಗಿಯಾಗೇ ಹೊಲೀರಿ’ ಎನ್ನುವವರು ಎರಡನೆಯವರು. ಈ ಎರಡನೆಯವರು ಮೂರು ತಿಂಗಳಲ್ಲಿ ಇಳಿಯುವುದರ ಬದಲು ಏರಿಕೊಂಡು ಬಂದು, ಬಟ್ಟೆಯನ್ನು ಮೇಜಿನ ಮೇಲೆ ಒಗೆದು, ‘ನಿಮ್ಮ ಅಳತೇನೇ ತಪ್ಪು’ ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಅಂಥವರಿಗಾಗಿಯೇ ಮಾಸ್ಟರು ಅಂಗಡಿಯ ಕನ್ನಡಿಯ ಮೇಲೆ ಒಂದು ಫಲಕ ಬರೆಸಿ ಹಾಕಿದ್ದರು: ‘ತೂಕ ಒಂದು ಕಡೆ ನಿಂತ ಮೇಲೆ ಬನ್ನಿ. ನಿಲ್ಲದ ಮೈಗೆ ಅಳತೆ ತೆಗೆಯಲಾಗುವುದಿಲ್ಲ.’ ಅದನ್ನು ಓದಿ, ಮುಖ ಸಪ್ಪಗೆ ಮಾಡಿಕೊಂಡು ವಾಪಸು ಹೋದವರಲ್ಲಿ ಎದುರು ಬೀದಿಯ ಡಾಕ್ಟರೂ ಒಬ್ಬರು. (ಈ ಡಾಕ್ಟರನ್ನು ನೀವು ನೆನಪಿಟ್ಟುಕೊಳ್ಳಿ. ಮಾಸ್ಟರು ಮರೆತಿದ್ದರು.)

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮಾಸ್ಟರ ಬೀರುವಿನಲ್ಲಿ ಒಂದು ಕಡುನೀಲಿ ಕೋಟು ಇತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ತಮ್ಮ ಮದುವೆಗೆಂದು ತಾವೇ ಕತ್ತರಿಸಿ ಹೊಲಿದದ್ದು. ಅವರ ಕೈಯ ಮೊದಲ ಕೋಟು. ಕೆಲಸ ಕಲಿಸಿದ ಮುದುಕ ಅಂದೇ ಹೇಳಿದ್ದ, “ಹೊಲಿಗೆ ಒಳಗೆ ಎರಡಿಂಚು ಬಟ್ಟೆ ಬಿಡೋ. ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ.” ವಯಸ್ಸಿನ ಸೊಕ್ಕು ಕೇಳಬೇಕಲ್ಲ? “ನಂದು ಇರುತ್ತೆ” ಎಂದು ಕಾಲಿಂಚೂ ಬಿಡದೆ ಕತ್ತರಿ ಆಡಿಸಿದ್ದರು. ಮದುವೆಯ ಫೋಟೋದಲ್ಲಿ ಆ ಕೋಟು ಮೈಗೆ ಅಂಟಿಸಿದ ಹಾಗೆ ಕೂತಿತ್ತು. ವರ್ಷ ತುಂಬುವುದರೊಳಗೆ ಅದರ ಗುಂಡಿಗೂ ಕಾಜಾಕ್ಕೂ ಮಾತು ಬಿಟ್ಟುಹೋಯಿತು. ಅಲ್ಲಿಂದಾಚೆಗೆ ಯಾರ ಬಟ್ಟೆಯೇ ಇರಲಿ, ತಮ್ಮ ಅಂಗಿಯೇ ಇರಲಿ, ಒಳಗೆ ಎರಡಿಂಚು ಬಿಡುವುದು ಮಾಸ್ಟರ ವ್ರತವಾಯಿತು.

ಮದುವೆಗೆ ಇಪ್ಪತ್ತೈದು ತುಂಬಲು ಇನ್ನೂ ಒಂದು ವರ್ಷವಿದ್ದಾಗ, ಹೆಂಡತಿ ಆ ಫೋಟೋದ ಧೂಳು ಒರೆಸುತ್ತ ಸುಮ್ಮನಿರಲಾರದೆ ಒಂದು ಮಾತು ಆಡಿದಳು.

“ಈ ಕೋಟಲ್ಲಿ ಎಷ್ಟು ಚೆನ್ನಾಗಿದ್ರಿ ಅಲ್ವಾ!”

“ಇದ್ದೆ ಅಂದ್ರೆ? ಈಗ ಏನಾಗಿದೀನಿ?”

“ಈಗ್ಲೂ ಚೆನ್ನಾಗೇ ಇದೀರಿ ರೀ. ಜಾಸ್ತೀನೇ ಇದೀರಿ.”

ಆ ‘ಜಾಸ್ತಿ’ ಮಾಸ್ಟರ ಎದೆಗೆ ಗುಂಡುಸೂಜಿಯಂತೆ ನಾಟಿತು. ಅಲ್ಲೇ, ಒರಸು ಬಟ್ಟೆಯನ್ನು ಸಾಕ್ಷಿಯಾಗಿಟ್ಟುಕೊಂಡು, ಭೀಷಣ ಪ್ರತಿಜ್ಞೆ ಮಾಡಿದರು. “ಇಪ್ಪತ್ತೈದು ತುಂಬೋ ದಿನ ಇದೇ ಕೋಟು ಹಾಕ್ಕೊಂಡು, ಅದೇ ಸ್ಟುಡಿಯೋದಲ್ಲಿ ಫೋಟೋ ತೆಗೆಸ್ತೀನಿ. ಆಗ್ಲಿಲ್ವೋ, ಕತ್ತರಿ ನಿನ್ನ ಕೈಗೆ ಕೊಟ್ಟು ನಾನು ಕಾಜಾ ಹೊಲೀತಾ ಕೂರ್ತೀನಿ!”

ಇದು ಸಣ್ಣ ಪಣವಲ್ಲ. ಇಪ್ಪತ್ನಾಲ್ಕು ವರ್ಷದಿಂದ ಆ ಅಂಗಡಿಯಲ್ಲಿ ಕತ್ತರಿ ಅವರದು, ಕಾಜಾ ಅವಳದು. ಅವರು ಟೇಪು ಹಿಡಿದು ಅಂಕಿ ಕೂಗುತ್ತಿದ್ದರು, ಅವಳು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ಸಲ ಬಟ್ಟೆ ಕತ್ತರಿಸುತ್ತೇನೆ ಎಂದು ಕೇಳಿದ್ದಕ್ಕೆ, ‘ಕತ್ತರಿ ಹಿಡಿಯೋಕೆ ಮೈ ಓದೋಕೆ ಬರ್ಬೇಕು’ ಎಂದು ಬಾಯಿ ಮುಚ್ಚಿಸಿದ್ದರು. ಆ ಮಾತಿನಿಂದ ಅವಳಿಗೆ ನೋವಾಗಿತ್ತು. ಅವಳು ಮರೆತಿರಲೂ ಇಲ್ಲ.

ಪ್ರತಿಜ್ಞೆಯೇನೋ ಆಯಿತು. ಕೋಟನ್ನು ಸಡಿಲ ಮಾಡೋಣವೆಂದರೆ ಒಳಗೆ ಬಟ್ಟೆಯಿಲ್ಲ. ಓಡುವುದು, ಬಾಯಿ ಕಟ್ಟುವುದು ಇವೆಲ್ಲ ಮಾಸ್ಟರ ಜಾಯಮಾನವಲ್ಲ. ಹಾಗಾಗಿ ಅವರ ಕಸುಬಿನ ಬುದ್ಧಿಗೆ ಒಂದು ದಿವ್ಯವಾದ ಉಪಾಯ ಹೊಳೆಯಿತು: ಬಟ್ಟೆ ಬಿಡಿಸಲು ಆಗದಿದ್ದರೇನು, ಮೈಯನ್ನೇ ಹಿಡಿಸಿದರಾಯಿತು! ಕೊಬ್ಬು ತೆಗೆದು ಮೈಗೂ ಆಲ್ಟರೇಷನ್ ಮಾಡುವವರು ಎದುರು ಬೀದಿಯಲ್ಲೇ ಇದ್ದರು.

ಡಾಕ್ಟರು ಒಳ್ಳೆಯ ಮನುಷ್ಯರು. ಮಾಸ್ಟರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. “ಹೊಟ್ಟೆಯಿಂದ ತೆಗೆದ ಕೊಬ್ಬಿನ ಕಣಗಳು ಮತ್ತೆ ಹುಟ್ಟಲ್ಲ ಮಾಸ್ಟರ್.”

ಮಾಸ್ಟರು ಇಷ್ಟನ್ನು ಕೇಳಿಸಿಕೊಂಡರು. ಅಷ್ಟರಲ್ಲಿ ಅವರ ಕಣ್ಣು ಡಾಕ್ಟರ ಬಿಳಿ ಕೋಟಿನ ಕಾಲರಿನ ಮೇಲೆ ಬಿತ್ತು. ಎಡಭಾಗ ಬಲಭಾಗಕ್ಕಿಂತ ಅರ್ಧ ಇಂಚು ಮೇಲೆ! ಯಾವ ಪಾಪಿ ಹೊಲಿದನೋ ಎಂದು ಅವರು ಸಂಕಟಪಡುತ್ತಿದ್ದಾಗ, ಡಾಕ್ಟರು ಮಾತಿನ ಉಳಿದರ್ಧ ಹೇಳಿ ಮುಗಿಸಿದ್ದರು: ತೂಕ ಏರಿದರೆ ಆ ಕೊಬ್ಬು ಬೆನ್ನು, ತೋಳು, ಕತ್ತು ಎಂದು ಬೇರೆ ಜಾಗ ಹುಡುಕಿಕೊಳ್ಳುತ್ತದೆ, ತೀರಾ ಏರಿದರೆ ಹೊಟ್ಟೆಯಲ್ಲಿ ಉಳಿದ ಕಣಗಳೂ ಊದುತ್ತವೆ, ಆದ್ದರಿಂದ ತೂಕವನ್ನು ನೋಡಿಕೊಳ್ಳುತ್ತಲೇ ಇರಬೇಕು.

“ಅರ್ಥ ಆಯ್ತಾ?”

“ಆಯ್ತು ಸಾರ್,” ಎಂದರು ಮಾಸ್ಟರು, ಕಾಲರನ್ನೇ ನೋಡುತ್ತ.

ಆಪರೇಷನ್ ಆಯಿತು. ಹೊಟ್ಟೆಗೆ ಹಾಕಿದ ಬಿಗಿಪಟ್ಟಿಯ ಹೊಲಿಗೆ ಒರಟೆಂದು ಮಾಸ್ಟರು ಮಲಗಿದಲ್ಲಿಂದಲೇ ನರ್ಸಮ್ಮನಿಗೆ ಪಾಠ ಮಾಡಿದರು. ಊತವಿಳಿದ ಮೇಲೆ ಟೇಪು ಹಿಡಿದರೆ ಮೂವತ್ತೆಂಟು ಇದ್ದದ್ದು ಮೂವತ್ತೈದು! ಕೋಟಿನ ಅಳತೆಗೆ ಸರಿಯಾಗಿ! ಸಾಮ್ರಾಜ್ಯ ಗೆದ್ದವರಂತೆ ಅಂಗಡಿಯೆಲ್ಲ ಓಡಾಡಿದರು.

ಮಾಸ್ಟರು ಎಡವಿದ್ದು ಇಲ್ಲಿಯೇ. ಕಣಗಳು ಮತ್ತೆ ಹುಟ್ಟುವುದಿಲ್ಲ ಎಂದ ಮೇಲೆ ಹೊಟ್ಟೆಗೆ ಬೀಗ ಬಿದ್ದ ಹಾಗಾಯಿತಲ್ಲ, ಇನ್ನು ಬಾಯಿಗೇಕೆ ಬೀಗ? ಬೆಳಿಗ್ಗೆ ಬೆಣ್ಣೆ ಬಿಸ್ಕತ್ತು, ಮಧ್ಯಾಹ್ನ ಊಟದ ಮೇಲೊಂದು ಸಣ್ಣ ಊಟ, ಸಂಜೆ ಕರಿದದ್ದು. ಹೆಂಡತಿ ನೋಡುವಷ್ಟು ನೋಡಿದಳು.

“ರೀ, ಡಾಕ್ಟ್ರು ವಾರಕ್ಕೊಂದ್ಸಲ ತೂಕ ನೋಡ್ಕೊಳ್ಳಿ ಅಂದಿದಾರೆ.”

“ತಕ್ಕಡಿ ದಿನಸಿ ಅಂಗಡಿಯವನ ಆಯುಧ ಕಣೇ. ನಾವು ಟೇಪಿನ ವಂಶದವರು. ನೋಡಿಲ್ಲಿ!” ಎಂದು ಸೊಂಟಕ್ಕೆ ಟೇಪು ಸುತ್ತುವರು. “ಮೂವತ್ತೈದು! ಎಲ್ಲಾದ್ರೂ ಕದಲಿದೆಯಾ?”

(ಉಸಿರು ಹಿಡಿದಿದ್ದರು. ಹಾಗೆ ಹಿಡಿದದ್ದು ತಮಗೇ ಗೊತ್ತಿರಲಿಲ್ಲ ಎಂದು ಅವರ ಪರವಾಗಿ ಹೇಳಬಹುದು.)

“ಹೊಟ್ಟೆ ಕದಲಿಲ್ಲ ರೀ. ಬೆನ್ನು ನೋಡ್ಕೊಳ್ಳಿ.”

“ಬೆನ್ನು ಕಾಣಲ್ಲ.”

“ನನಗೆ ಕಾಣ್ಸುತ್ತಲ್ಲ.”

“ಮೈ ಓದೋದು ನನಗೆ ಬಿಡು. ನೀನು ಕಾಜಾ ನೋಡ್ಕೋ.”

ಮೂರು ಸಲ ಹೇಳಿದಳು, ಮೂರು ಸಲವೂ ಟೇಪು ತೋರಿಸಿದರು. ನಾಲ್ಕನೆಯ ಸಲ ಅವಳು ಹೇಳಲಿಲ್ಲ.

ಹತ್ತು ತಿಂಗಳು ಹೀಗೆ ಕಳೆದವು. ಇಪ್ಪತ್ತೈದು ತುಂಬಿದ ದಿನ ಬಂತು. ಸ್ಟುಡಿಯೋದವನಿಗೆ ಸಂಜೆ ನಾಲ್ಕಕ್ಕೆ ಬರುವುದಾಗಿ ಹೇಳಿಯಾಗಿತ್ತು. ಟ್ರಯಲ್ ನೋಡದೆ ಗಿರಾಕಿಗೆ ಒಂದು ಲಂಗವನ್ನೂ ಕೊಡದ ಮಾಸ್ಟರು, ತಮ್ಮ ಕೋಟಿಗೆ ಟ್ರಯಲ್ ನೋಡಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುವುದು ಇದಕ್ಕೇ. ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು, ಹೆಂಡತಿಯತ್ತ ಒಂದು ವಿಜಯದ ನೋಟ ಬೀರಿ, ಎಡಗೈಯನ್ನು ತೋಳಿಗೆ ತೂರಿಸಿದರು.

ಕೈ ಮೊಣಕೈಯವರೆಗೆ ಹೋಗಿ ನಿಂತಿತು. ನೂಕಿದರು, ಹೋಗಲಿಲ್ಲ. ಎಳೆದರು, ಬರಲೂ ಇಲ್ಲ.

“ಗುಂಡಿ ಹಾಕ್ಕೊಳ್ಳಿ,” ಎಂದಳು ಹೆಂಡತಿ, ಮುಖ ಗಂಭೀರವಾಗಿಟ್ಟುಕೊಂಡು.

“ಗುಂಡಿ ಆಮೇಲೆ! ಮೊದಲು ಇದನ್ನ ಬಿಡಿಸು!”

“ತೋಳು ಬಿಚ್ಚಲಾ?” ಅವಳು ಕತ್ತರಿ ಎತ್ತಿಕೊಂಡಳು.

“ಅಯ್ಯೋ, ನನ್ನ ಮೊದಲನೇ ಕೋಟು ಕಣೇ! ಮುಟ್ಟಬೇಡ!”

ಹೀಗಾಗಿ ಹಾಡಹಗಲಲ್ಲಿ, ಎಡಗೈಯಲ್ಲಿ ಅರ್ಧ ಕೋಟು ತೂಗಾಡಿಸಿಕೊಂಡು ಮಾಸ್ಟರು ಬೀದಿ ದಾಟಿದರು. ಹಿಂದೆ ಹೆಂಡತಿ, ಕೈಯಲ್ಲೊಂದು ಚೀಲ.

ನರ್ಸಮ್ಮ ಪೌಡರು ಸುರಿದು ಕೋಟನ್ನು ಬಿಡಿಸಿದರು. ಡಾಕ್ಟರು ಮಾಸ್ಟರನ್ನು ತೂಕದ ಯಂತ್ರದ ಮೇಲೆ ಹತ್ತಿಸಿದರು. ಒಂಬತ್ತು ಕೆಜಿ ಜಾಸ್ತಿ! ಆಮೇಲೆ ಸೊಂಟಕ್ಕೆ ಟೇಪು ಸುತ್ತಿದರು.

“ಉಸಿರು ಬಿಡಿ ಮಾಸ್ಟರ್.”

ಇಪ್ಪತ್ತೈದು ವರ್ಷ ಊರವರಿಗೆಲ್ಲ ತಾವು ಹೇಳಿದ ಮಾತನ್ನು ಮಾಸ್ಟರು ಮೊದಲ ಸಲ ಕೇಳಿಸಿಕೊಂಡರು. ಉಸಿರು ಬಿಟ್ಟರು. ಮೂವತ್ತಾರೂವರೆ.

“ಹೊಟ್ಟೆ ಅಲ್ಪಸ್ವಲ್ಪ ಮಾನ ಉಳಿಸಿದೆ,” ಎಂದರು ಡಾಕ್ಟರು. “ಉಳಿದದ್ದೆಲ್ಲ ಬೆನ್ನಿಗೂ ತೋಳಿಗೂ ಹೋಗಿದೆ. ಅವತ್ತೇ ಹೇಳಿದ್ನಲ್ಲ. ನೀವು ಚಾಪೆ ಕೆಳಗೆ ತೂರಿದ್ರೆ ಕೊಬ್ಬು ರಂಗೋಲಿ ಕೆಳಗೆ ತೂರುತ್ತೆ. ಅಲ್ಲ, ಇಷ್ಟಾದ್ರೂ ಅಂಗಿ ಬಿಗಿಯಾಗಿದ್ದು ಗೊತ್ತಾಗ್ಲಿಲ್ವಾ?”

“ಆಗ್ಲೇ ಇಲ್ಲ ಸಾರ್! ನೋಡಿ, ಈಗ್ಲೂ ಅಂಗಿ ಸರಿಯಾಗೇ ಕೂತಿದೆ!”

ಕೋಣೆಯಲ್ಲಿ ಎಲ್ಲರೂ ಹೆಂಡತಿಯ ಕಡೆ ತಿರುಗಿದರು. ಅವಳು ಚೀಲದಿಂದ ಅಳತೆ ಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿದಳು. ಮೇಲೆ ‘ನಮ್ಮವರು’ ಎಂದಿತ್ತು. ಕೆಳಗೆ ಹತ್ತು ತಿಂಗಳ ಬೆನ್ನು, ತೋಳು, ಕತ್ತು. ಅಂಕಿಗಳೆಲ್ಲ ಮೆಟ್ಟಿಲು ಹತ್ತಿದ್ದವು.

“ಅಂಗಿ ಒಳಗೆ ಎರಡಿಂಚು ಬಟ್ಟೆ ಇತ್ತಲ್ಲ. ಇಸ್ತ್ರಿ ಮಾಡೋವಾಗ ಅಷ್ಟಷ್ಟೇ ಬಿಡಿಸ್ತಾ ಬಂದೆ.”

“ಟೇಪೇ ಇಡದೆ ಅಳತೆ ಹೇಗೆ ತಗೊಂಡೆ?” ಮಾಸ್ಟರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು.

“ಕಣ್ಣಲ್ಲಿ. ಆಪರೇಷನ್ ಆಗಿ ಮಲಗಿದ್ರಲ್ಲ, ಅವತ್ತು ನಂಗೆ ಕೈಕಾಲೇ ಆಡಿರಲಿಲ್ಲ. ‘ಜಾಸ್ತಿ’ ಅಂತ ನಾನಂದ ಒಂದು ಮಾತಿಗೆ ಹೀಗಾಯ್ತಲ್ಲ ಅಂತ. ಎದ್ದು ಬಂದು ಆಸೆಯಿಂದ ತಿಂತಾ ಇದ್ರಿ. ಮೂರು ಸಲ ಹೇಳ್ದೆ. ಇನ್ನೂ ಹೇಳಿ ನೋಯಿಸೋಕೆ ಮನಸ್ಸು ಬರ್ಲಿಲ್ಲ.”

ಮಾಸ್ಟರಿಗೆ ನಾಚಿಕೆಯಾಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಡಾಕ್ಟರ ಕಡೆ ತಿರುಗಿ, “ಸಾರ್, ಹಾಗಿದ್ರೆ ತೋಳಿಗೂ ಬೆನ್ನಿಗೂ ಒಂದು ಆಲ್ಟರೇಷನ್ ಮಾಡಿಬಿಡಿ,” ಎಂದು ಕೈಮುಗಿದರು.

ಡಾಕ್ಟರು ಕುರ್ಚಿಗೆ ಒರಗಿದರು. ಎಷ್ಟೋ ದಿನದಿಂದ ಕಾದಿಟ್ಟುಕೊಂಡಿದ್ದ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುವವರ ಹಾಗೆ ಕಂಡರು.

“ಹಟಕ್ಕೆ ಬಿದ್ದು ಒಂದೇ ಸಲ ಇಳಿಸೋಕೆ ಹೋಗ್ಬೇಡಿ, ಚರ್ಮ ಜೋತುಬೀಳುತ್ತೆ. ನಿಧಾನಕ್ಕೆ ಇಳಿಸಿ. ಇಳಿದದ್ದು ಆರು ತಿಂಗಳು ಅಲ್ಲೇ ಇರ್ಲಿ. ತೂಕ ಒಂದು ಕಡೆ ನಿಂತ ಮೇಲೆ ಬನ್ನಿ ಮಾಸ್ಟರ್. ನಿಲ್ಲದ ಮೈಗೆ ಅಳತೆ ತೆಗೆಯಲಾಗುವುದಿಲ್ಲ.”

ಹೊರಗೆ ಬಂದಾಗ ಮೂರೂಕಾಲು. ಮಾಸ್ಟರು ಅಂಗಡಿಗೆ ಬಂದವರೇ ಕತ್ತರಿಯನ್ನು ಹೆಂಡತಿಯ ಕೈಗಿಟ್ಟರು. ಅವಳು ಬೇಡವೆನ್ನಲಿಲ್ಲ. ಕೋಟನ್ನು ತನ್ನ ಮೈಮೇಲೆ ಹಿಡಿದು ಕನ್ನಡಿ ನೋಡಿದಳು, ಪಕ್ಕದ ಹೊಲಿಗೆ ಬಿಚ್ಚಿದಳು, ಬಟ್ಟೆಯನ್ನು ಒಂದಿಂಚು ಒಳಗೆ ಹಿಡಿದು ಮಿಷನ್ ತುಳಿದಳು. ಅರ್ಧ ಗಂಟೆಯಲ್ಲಿ ಕೋಟು ಹಾಕಿಕೊಂಡು ಮೂರು ಗುಂಡಿಯನ್ನೂ ಒಂದೇ ಉಸಿರಿಗೆ ಹಾಕಿದಳು.

“ನಡೀರಿ, ನಾಲ್ಕು ಗಂಟೆ ಆಗ್ತಾ ಬಂತು.”

ಈಗ ಆ ಅಂಗಡಿಯಲ್ಲಿ ಎರಡು ಫೋಟೋಗಳಿವೆ. ಒಂದರಲ್ಲಿ ಕೋಟು ತೊಟ್ಟ ಮಾಸ್ಟರು ನಿಂತಿದ್ದಾರೆ, ಇನ್ನೊಂದರಲ್ಲಿ ಕೋಟು ತೊಟ್ಟ ಅವರ ಹೆಂಡತಿ ನಿಂತಿದ್ದಾಳೆ. ಪಕ್ಕದ ಕುರ್ಚಿಯಲ್ಲಿ, ಸರಿಯಾಗಿ ಕೂತ ಅಂಗಿಯಲ್ಲಿ, ಮಾಸ್ಟರು. ಅಂಗಡಿಯಲ್ಲೂ ಈಗ ಕತ್ತರಿ ಮೇಜಿನ ಹಿಂದೆ ಅವಳು, ಬಾಗಿಲ ಪಕ್ಕದ ಮಣೆಯ ಮೇಲೆ ಕಾಜಾ ಹೊಲಿಯುತ್ತ ಇವರು. ಬಂದ ಗಿರಾಕಿಗಳ ಕಣ್ಣೆಲ್ಲ ಎರಡನೆಯ ಫೋಟೋದ ಮೇಲೆಯೇ.

“ಏನು ಹೊಲಿಗೆ ಅಕ್ಕಾ! ನಿಮ್ಮ ಅಳತೆ ಹಿಡಿದೇ ಕತ್ತರಿಸಿದ ಹಾಗಿದೆ. ಯಾರು ಹೊಲಿದಿದ್ದು?” ಎಂದು ಮೊನ್ನೆ ಒಬ್ಬಾಕೆ ಕೇಳಿದಳು.

“ಇವರೇ,” ಎಂದಳು ಮಾಸ್ಟರ ಹೆಂಡತಿ, ಗಿರಾಕಿಯ ತೋಳಿಗೆ ಟೇಪು ಸುತ್ತುತ್ತ. “ಹೊಲಿಯೋದೇನೋ ಬೇಗ ಹೊಲಿದ್ರು. ಸರಿಯಾದ ಮೈ ಸಿಗೋಕೆ ಇಪ್ಪತ್ತೈದು ವರ್ಷ ಬೇಕಾಯ್ತು. ಉಸಿರು ಬಿಡಮ್ಮ. ಬರ್ಕೊಳ್ಳಿ ರೀ, ಹನ್ನೆರಡೂವರೆ.”

ಮಾಸ್ಟರು ಸೂಜಿಯನ್ನು ಕೆಳಗಿಟ್ಟು, ಅಳತೆ ಪುಸ್ತಕ ಬಿಡಿಸಿ, ಹನ್ನೆರಡೂವರೆ ಎಂದು ಬರೆದುಕೊಂಡರು.